ಚಾಕುಗೆ ಹದ ಹಾಕೋದು ಹೇಗೆ: ಕಮಾನ್ ಪ್ಲೇಟು, ಮ್ಯಾಗ್ನೆಟ್ಟು, ಎಣ್ಣೆ, ಓಟಿಜಿ

ಚಾಕು ಮಾಡೋಕೆ ಹೊರಟೋರು ಶೇಪ್ ಬಗ್ಗೆ ತಲೆ ಕೆಡಿಸ್ಕೊಳ್ತಾರೆ, ಹಿಡಿಗೆ ಬೀಟೆ ಹಾಕೋದಾ ಹಲಸು ಹಾಕೋದಾ ಅಂತ ವಾರಗಟ್ಲೆ ಯೋಚ್ನೆ ಮಾಡ್ತಾರೆ, ಹೀಟ್ ಟ್ರೀಟ್‌ಮೆಂಟ್ ಬಂದಾಗ ಮಾತ್ರ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ್ರಾಯ್ತಲ್ಲ ಅಂತ ಹತ್ತು ನಿಮಿಷದಲ್ಲಿ ಮುಗಿಸಿಬಿಡ್ತಾರೆ. ಆಮೇಲೆ ಆ ಚಾಕು ಒಂದು ಕೆಜಿ ಈರುಳ್ಳಿ ಹೆಚ್ಚೋ ಅಷ್ಟ್ರಲ್ಲಿ ಮೊಂಡಾಗತ್ತೆ, ಇಲ್ಲಾಂದ್ರೆ ಕೈ ಜಾರಿ ನೆಲಕ್ಕೆ ಬಿದ್ದು ತುದಿ ಟಕ್ ಅಂತ ಮುರಿಯತ್ತೆ. ಸ್ಟೀಲ್ ಸರಿ ಇರ್ಲಿಲ್ಲ ಅಂತಾರೆ, ಎಣ್ಣೆ ಸರಿ ಇರ್ಲಿಲ್ಲ ಅಂತಾರೆ. ನಾನು ನೋಡಿರೋ ಹಾಗೆ ಬಹುಪಾಲು ಕೆಡೋದು ಒಂದೇ ಕಾರಣಕ್ಕೆ, ಜಾಸ್ತಿ ಕಾಯಿಸಿರ್ತಾರೆ. ಕಮ್ಮಿ ಕಾಯಿಸಿದ್ರೆ ಗಟ್ಟಿ ಆಗಲ್ಲ, ಅರ ಉಜ್ಜಿ ನೋಡಿದ್ರೆ ತಕ್ಷಣ ಗೊತ್ತಾಗತ್ತೆ, ಮತ್ತೆ ಕಾಯಿಸ್ಬಹುದು. ಜಾಸ್ತಿ ಕಾಯಿಸಿದ್ದು ಅರಕ್ಕೂ ಗಟ್ಟಿಯಾಗೇ ಸಿಗತ್ತೆ, ಹರಿತನೂ ಆಗತ್ತೆ, ಒಳಗೆ ಮಾತ್ರ ದಪ್ಪ ಹರಳು ಕಟ್ಕೊಂಡು ಪೆಡಸಾಗಿ ಕೂತಿರತ್ತೆ, ಮುರಿಯೋ ತನಕ ನಿಮಗೆ ಗೊತ್ತೇ ಆಗಲ್ಲ.

ಇಲ್ಲಿ ಹೇಳ್ತಿರೋದು ಮನೆ ಹಿಂದೆ ಸಣ್ಣ ಗ್ಯಾಸ್ ಫೋರ್ಜ್ (ಕಬ್ಬಿಣ ಕಾಯಿಸೋ ಕುಲುಮೆ) ಇಟ್ಕೊಂಡಿರೋರಿಗೆ, ಅಥವಾ ಇದ್ದಿಲು ಒಲೆಗೆ ಬ್ಲೋಯರ್ ಕಟ್ಕೊಂಡಿರೋರಿಗೆ. ಸ್ಟೇನ್‌ಲೆಸ್ಸು ಮತ್ತೆ ಡಿ2 (ನಮ್ಮ ಟೂಲ್ ರೂಮ್‌ಗಳಲ್ಲಿ ಎಚ್‌ಸಿಎಚ್‌ಸಿಆರ್ ಅಂತಾರಲ್ಲ ಅದು) ಇದಕ್ಕೆ ಬರಲ್ಲ, ಅವಕ್ಕೆ 1000 ಡಿಗ್ರಿ ಮೇಲೆ ಕಾಯಿಸಿ ಅಲ್ಲೇ ಅರ್ಧ ಗಂಟೆ ಅಲ್ಲಾಡದಂಗೆ ನಿಲ್ಲಿಸ್ಬೇಕು, ಕಂಟ್ರೋಲರ್ ಇರೋ ಫರ್ನೇಸ್ ಇಲ್ದೆ ಆಗೋ ಮಾತಲ್ಲ. ಅಂಥದ್ದು ಮಾಡಿದ್ರೆ ಪೀಣ್ಯ ಕಡೆ ಹೀಟ್ ಟ್ರೀಟ್‌ಮೆಂಟ್ ಜಾಬ್ ವರ್ಕ್ ಮಾಡೋರು ಬೇಕಾದಷ್ಟು ಜನ ಇದಾರೆ, ನಾಲ್ಕೈದು ಅಲುಗು ಸೇರಿಸಿ ಕೊಟ್ಬಿಡಿ.

ಒಳಗೆ ಏನಾಗತ್ತೆ

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ, ಇದು ಗೊತ್ತಿದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗತ್ತೆ. ಸ್ಟೀಲ್ ಅಂದ್ರೆ ಕಬ್ಬಿಣದ ಜೊತೆ ಸ್ವಲ್ಪ ಕಾರ್ಬನ್. ತಣ್ಣಗಿರೋ ಕಬ್ಬಿಣಕ್ಕೆ ಕಾರ್ಬನ್ ಇಟ್ಕೊಳಕ್ಕೆ ಜಾಗನೇ ಇಲ್ಲ, ಅದರ ಅಣುಗಳು ಜೋಡಿಸ್ಕೊಂಡಿರೋ ರೀತಿನೇ ಹಾಗೆ, 0.02 ಪರ್ಸೆಂಟ್ ಮೇಲೆ ಒಳಗೆ ಸೇರಿಸ್ಕೊಳಲ್ಲ, ಹಾಗಾಗಿ ಕಾರ್ಬನ್ ಬೇರೆಯಾಗಿ ಕಾರ್ಬೈಡ್ ಆಗಿ ಪದರ ಪದರವಾಗಿ ಕೂತಿರತ್ತೆ. 727 ಡಿಗ್ರಿ ದಾಟಿದ್ಮೇಲೆ ಅಣುಗಳ ಜೋಡಣೆ ಬದಲಾಗತ್ತೆ, ಆಸ್ಟೆನೈಟ್ ಅಂತಾರೆ ಅದನ್ನ, ಅದರಲ್ಲಿ ಕಾರ್ಬನ್ ಆರಾಮಾಗಿ ಕರಗತ್ತೆ. ಈಗ ಅದನ್ನ ನಿಧಾನಕ್ಕೆ ಆರಿಸಿದ್ರೆ ಕಾರ್ಬನ್ ವಾಪಸ್ ಹೊರಗೆ ಬಂದು ಮೊದಲಿನ ಹಾಗೇ ಮೆತ್ತಗಾಗತ್ತೆ. ಗಬಕ್ಕಂತ ತಣ್ಣಗೆ ಮಾಡಿದ್ರೆ ಹೊರಗೆ ಬರೋಕೆ ಟೈಮೇ ಸಿಗಲ್ಲ, ಒಳಗೇ ಸಿಕ್ಕಾಕೊಂಡು ಇಡೀ ಜೋಡಣೆನ ಎಳೆದು ಬಿಗಿ ಮಾಡತ್ತೆ, ಅದೇ ಮಾರ್ಟೆನ್ಸೈಟ್, ಅದೇ ಗಟ್ಟಿತನ. ಆ ಬಿಗಿ ಎಷ್ಟಿರತ್ತೆ ಅಂದ್ರೆ ಹಾಗೇ ಬಿಟ್ರೆ ಅಲುಗು ಬಿದ್ರೆ ಸಾಕು ಒಡೆಯತ್ತೆ, ಅದಕ್ಕೆ 200 ಡಿಗ್ರಿ ಆಸುಪಾಸಲ್ಲಿ ಮತ್ತೆ ಬಿಸಿ ಮಾಡಿ ಸ್ವಲ್ಪ ಸಡಿಲ ಮಾಡೋದು, ಅದು ಟೆಂಪರಿಂಗು.

ಇದರ ಜೊತೆ ಇನ್ನೊಂದು ನಡೀತಿರತ್ತೆ. ಆಸ್ಟೆನೈಟ್ ಆದ ಸ್ಟೀಲ್ ಹರಳು ಹರಳಾಗಿರತ್ತೆ, ಬಿಸಿ ಏರಿದಂಗೆಲ್ಲ ಸಣ್ಣ ಹರಳುಗಳು ಒಂದನ್ನೊಂದು ನುಂಗಿ ದಪ್ಪ ಆಗ್ತಾ ಹೋಗ್ತವೆ. 800ರಲ್ಲಿ ನಿಧಾನ, 900 ದಾಟಿದ್ರೆ ಬೇಗ, 1000ದಲ್ಲಿ ಇನ್ನೂ ಬೇಗ. ಹರಳು ದಪ್ಪ ಆದಷ್ಟೂ ಬಿರುಕು ಓಡೋಕೆ ದಾರಿ ಸಲೀಸು. ಮೇಲೆ ಜಾಸ್ತಿ ಕಾಯಿಸಿರ್ತಾರೆ ಅಂದಿದ್ದು ಇದಕ್ಕೇ.

ಯಾವ ಸ್ಟೀಲು

ಗುಜರಿಯಲ್ಲಿ ಸುಲಭಕ್ಕೆ ಸಿಗೋದು ಲಾರಿ, ಬಸ್ಸಿನ ಕಮಾನ್ ಪ್ಲೇಟು, ಅಂದ್ರೆ ಗಾಡಿಯ ಕುಲುಕು ತಡ್ಕೊಳೋ ಸ್ಪ್ರಿಂಗ್ ಪಟ್ಟಿ. ಒಳ್ಳೇ ಸ್ಟೀಲೇ, ಕಾರ್ಬನ್ 0.55ರಿಂದ 0.6ರ ಆಸುಪಾಸು, ಕತ್ತಿ ಮಚ್ಚಿಗೆ ಹೇಳಿ ಮಾಡಿಸಿದ್ದು, ಅಡುಗೆಮನೆ ಚಾಕೂಗೂ ನಡೆಯತ್ತೆ. ತೊಂದ್ರೆ ಏನಂದ್ರೆ ಯಾವ ಗ್ರೇಡು ಅಂತ ಗೊತ್ತಾಗಲ್ಲ, ಇಎನ್ 45, ಇಎನ್ 47, ಎಸ್‌ಯುಪಿ 9, ಎಸ್‌ಯುಪಿ 11ಎ ಹೀಗೆ ಏನು ಬೇಕಾದ್ರೂ ಇರ್ಬಹುದು. ಯೂಟ್ಯೂಬಲ್ಲಿ ಅಮೆರಿಕದೋರು 5160 ಅಂತಿರ್ತಾರಲ್ಲ ಅದಕ್ಕೆ ಎಸ್‌ಯುಪಿ 9ಎ ಬಹಳ ಹತ್ತಿರ. ಹಳೇ ಪ್ಲೇಟು ವರ್ಷಗಟ್ಲೆ ರೋಡಲ್ಲಿ ಕುಲುಕಾಡಿರತ್ತೆ, ಕಣ್ಣಿಗೆ ಕಾಣದ ಸಣ್ಣ ಬಿರುಕು ಇರ್ಬಹುದು, ಹಾಗಾಗಿ ನಡುವಿನ ಬೋಲ್ಟ್ ತೂತಿನ ಹತ್ರದ್ದು ಬಿಟ್ಟು ಕಟ್ ಮಾಡ್ಕೊಳಿ. ಕಮಾನ್ ಕೆಲಸದ ಅಂಗಡಿಯೋರ ಹತ್ರ ಹೊಸಾ ಪ್ಲೇಟ್ ಕಟ್ ಮಾಡಿ ಉಳಿದ ತುಂಡು ಬಿದ್ದಿರತ್ತೆ, ನನ್ನ ಕೇಳಿದ್ರೆ ಅದೇ ಬೆಸ್ಟು.

ದುಡ್ಡು ಕೊಟ್ಟು ತಗೊಳೋದಾದ್ರೆ ಮೊದಲ ಚಾಕುಗೆ 1084 ಅಥವಾ ಇಎನ್ 42ಜೆ ತರ ಪ್ಲೇನ್ ಕಾರ್ಬನ್ ಸ್ಟೀಲ್ ತಗೊಳಿ, ಕಾರ್ಬನ್ 0.8ರ ಹತ್ರ ಇರೋದು. ಅದರಲ್ಲಿರೋ ಕಾರ್ಬನ್ ಎಲ್ಲಾ ಬೇಗ ಕರಗಿಬಿಡತ್ತೆ, ಹೆಚ್ಚು ಹೊತ್ತು ನಿಲ್ಲಿಸೋ ತಲೆನೋವಿಲ್ಲ. ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಗಟ್ಟಿಯಾಗೋ ಒಂದು ಟೂಲ್ ಸ್ಟೀಲ್) ಎಲ್ಲಾ ಟೂಲ್ ಸ್ಟೀಲ್ ಅಂಗಡೀಲೂ ಸಿಗತ್ತೆ, ಒಳ್ಳೇ ಚಾಕು ಆಗತ್ತೆ, ಆದ್ರೆ 800 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಒಂದೇ ಸಮ ಹಿಡಿದು ನಿಲ್ಲಿಸ್ಬೇಕು, ಫೋರ್ಜಲ್ಲಿ ಕಷ್ಟ. ಬೇರಿಂಗ್ ಸ್ಟೀಲ್ ಇಎನ್ 31 ಕಥೇನೂ ಅದೇ. ಮನೆ ಕಟ್ಟೋ ಟಿಎಂಟಿ ಕಂಬಿ, ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿ ಇವೆಲ್ಲ ಬೇಡ್ವೇ ಬೇಡ, ಕಾರ್ಬನ್ 0.3ಕ್ಕಿಂತ ಕೆಳಗೆ, ಏನೇ ಮಾಡಿದ್ರೂ ಚಾಕುಗೆ ಬೇಕಾದಷ್ಟು ಗಟ್ಟಿ ಆಗಲ್ಲ. ಶಾಫ್ಟ್ ಮಾಡೋ ಇಎನ್ 8 ಸ್ವಲ್ಪ ಗಟ್ಟಿ ಆಗತ್ತೆ, ಸುತ್ತಿಗೆಗೆ ಓಕೆ, ಚಾಕುಗೆ ಸಾಲಲ್ಲ.

ಗೊತ್ತಿಲ್ಲದ ಸ್ಟೀಲಾದ್ರೆ ಚಾಕು ಕಟ್ ಮಾಡೋಕ್ ಮುಂಚೆ ಬೆರಳಗಲದ ಮೂರು ತುಂಡು ಕಟ್ ಮಾಡ್ಕೊಳಿ. ಒಂದನ್ನ ಮ್ಯಾಗ್ನೆಟ್ ಬಿಡೋ ಹಂತದಿಂದ ಸ್ವಲ್ಪ ಮೇಲೆ ಕಾಯಿಸಿ ಎಣ್ಣೆಗೆ, ಇನ್ನೊಂದನ್ನ ಇನ್ನೂ ಸ್ವಲ್ಪ ಮೇಲೆ, ಮೂರನೇದನ್ನ ಬೇಕಂತಲೇ ಹಳದಿ ಬರೋ ತನಕ ಕಾಯಿಸಿ ಎಣ್ಣೆಗೆ ಹಾಕಿ. ತಣ್ಣಗಾದ್ಮೇಲೆ ವೈಸಲ್ಲಿ ಕಚ್ಚಿಸಿ, ಬಟ್ಟೆ ಸುತ್ತಿ, ಕನ್ನಡಕ ಹಾಕ್ಕೊಂಡು ಸುತ್ತಿಗೆಯಲ್ಲಿ ಹೊಡೆದು ಮುರೀರಿ. ಮುರಿದ ಮುಖನ ಬಿಸಿಲಿಗೆ ಹಿಡಿದು ನೋಡಿ. ಸರಿಯಾಗಿ ಕಾದಿದ್ದು ನುಣ್ಣಗೆ ಮಂಕು ಬೂದು ಬಣ್ಣ ಇರತ್ತೆ, ಹರಳು ಅಂತ ಕಣ್ಣಿಗೆ ಕಾಣೋದೇ ಇಲ್ಲ. ಹಳದಿಗೆ ಹೋಗಿದ್ದು ಸಕ್ಕರೆ ಉಂಡೆ ಮುರಿದಂಗೆ ಮಿಣಮಿಣ ಹೊಳೆಯತ್ತೆ. ಈ ಎರಡನ್ನ ಅಕ್ಕಪಕ್ಕ ಇಟ್ಟು ಒಂದ್ಸಲ ನೋಡಿದೋರು ಮತ್ತೆ ಜಾಸ್ತಿ ಕಾಯಿಸೋ ಧೈರ್ಯ ಮಾಡಲ್ಲ. ಜೊತೆಗೆ ನಿಮ್ಮ ಸ್ಟೀಲು ಎಣ್ಣೆಯಲ್ಲಿ ಗಟ್ಟಿ ಆಗತ್ತೋ ಇಲ್ವೋ ಅನ್ನೋದೂ ಇಲ್ಲೇ ಗೊತ್ತಾಗೋಗತ್ತೆ.

ಕಾಯಿಸೋಕ್ ಮುಂಚೆ

ಅಲುಗನ್ನ ಪೂರ್ತಿ ಹರಿತ ಮಾಡಿ ಹದಕ್ಕೆ ಹಾಕ್ಬೇಡಿ. ಬಾಯಿ ಕಡೆ, ಅಂದ್ರೆ ಹರಿತ ಆಗೋ ಅಂಚಲ್ಲಿ, ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪ ಉಳಿಸಿ, ತೀರಾ ತೆಳ್ಳಗಿದ್ರೆ ಅದು ಮಾತ್ರ ಬೇಗ ಕಾದು ಮೇಲ್ಪದರದ ಕಾರ್ಬನ್ ಸುಟ್ಟೋಗತ್ತೆ, ಎಣ್ಣೆಗೆ ಹಾಕಿದಾಗ ಅಲೆ ಅಲೆಯಾಗಿ ಸೊಟ್ಟ ಆಗತ್ತೆ. ಹಿಡಿಯ ರಿವೆಟ್ ತೂತು ಈಗ್ಲೇ ಕೊರೀರಿ, ಆಮೇಲೆ ಡ್ರಿಲ್ ಬಿಟ್ಟೇ ಸವೆಯೋದು, ಸ್ಟೀಲಲ್ಲ. ಗ್ರೈಂಡರ್ ಗೀರು ಅಡ್ಡಡ್ಡ ಇದ್ರೆ 120 ಪೇಪರಲ್ಲಿ ಉದ್ದುದ್ದಕ್ಕೆ ಉಜ್ಜಿ ತೆಗೀರಿ, ಒಳಮೂಲೆ ಚೂಪಾಗಿದ್ರೆ ರೌಂಡ್ ಮಾಡಿ. ಬಿರುಕು ಯಾವಾಗ್ಲೂ ಶುರುವಾಗೋದು ಇಂಥ ಜಾಗದಿಂದಾನೇ.

ಆಮೇಲೆ ನಾರ್ಮಲೈಸಿಂಗು. ಸುತ್ತಿಗೆಯಲ್ಲಿ ಬಡಿದು ಮಾಡಿದ ಅಲುಗಾದ್ರೆ ಇದು ಕಡ್ಡಾಯ, ಯಾಕಂದ್ರೆ ಬಡಿಯೋವಾಗ 1000 ಡಿಗ್ರಿ ಮೇಲೆ ಕಾಯಿಸಿರ್ತೀರ, ಹರಳು ದಪ್ಪ ಆಗೇ ಆಗಿರತ್ತೆ. ಮಾಡೋದು ಸುಲಭ, ಮೊದಲನೇ ಸಲ ಸ್ವಲ್ಪ ಜಾಸ್ತಿ, 880ರ ಹತ್ರ ಕಾಯಿಸಿ ಗಾಳಿಯಲ್ಲಿ ಹಿಡಿದು ಕಪ್ಪಾಗೋ ತನಕ ಆರಿಸಿ, ಎರಡನೇ ಸಲ 830, ಮೂರನೇ ಸಲ ಮ್ಯಾಗ್ನೆಟ್ ಬಿಟ್ಟ ತಕ್ಷಣ ತೆಗೆದು ಆರಿಸಿ. ಪ್ರತಿ ಸಲ ಆ 727ರ ಗೆರೆ ದಾಟಿ ಬಂದಾಗ ಹೊಸದಾಗಿ ಸಣ್ಣ ಹರಳು ಹುಟ್ತವೆ. ಆರಿಸೋವಾಗ ಒದ್ದೆ ನೆಲದ ಮೇಲೋ ತಣ್ಣನೆ ಕಬ್ಬಿಣದ ಮೇಲೋ ಇಡ್ಬೇಡಿ, ಫ್ಯಾನ್ ಕೆಳಗೂ ಬೇಡ, ತಂತಿಯಲ್ಲಿ ನೇತಾಕಿ. ಸೊಟ್ಟ ಇದ್ರೆ ಕೆಂಪಗಿರುವಾಗ್ಲೇ ಮರದ ಕೊಡತಿಯಲ್ಲಿ ತಟ್ಟಿ ನೆಟ್ಟಗೆ ಮಾಡ್ಕೊಳಿ. ಬರೀ ಗ್ರೈಂಡ್ ಮಾಡಿ ಮಾಡಿದ ಚಾಕುಗೆ ಕೆಲವರು ಇದನ್ನ ಬಿಟ್ಬಿಡ್ತಾರೆ, ನಾನು ಬಿಡಲ್ಲ, ಅರ್ಧ ಗಂಟೆ ಕೆಲಸ ಅಷ್ಟೆ.

ಕಾಯಿಸೋದು

ಬಿಸಿಲಲ್ಲಿ ಈ ಕೆಲಸ ಮಾಡ್ಬೇಡಿ. ಹಳೇ ಕಮ್ಮಾರಸಾಲೆಗಳಲ್ಲಿ ಒಳಗೆ ಯಾವಾಗ್ಲೂ ಮಬ್ಬುಗತ್ತಲೆ ಇರ್ತಿತ್ತು, ಅದು ಬಡತನಕ್ಕಲ್ಲ, ಕಬ್ಬಿಣದ ಬಣ್ಣ ಕಾಣೋಕೆ. ನೆತ್ತಿ ಬಿಸಿಲಲ್ಲಿ ಮಂಕಾಗಿ ಕಾಣೋ ಕೆಂಪು ಕತ್ತಲಲ್ಲಿ ನೋಡಿದ್ರೆ ಕಿತ್ತಳೆ ದಾಟಿರತ್ತೆ. ಸಂಜೆ ಆರೂವರೆ ಮೇಲೆ ಮಾಡಿ, ಮಾಡೋದಾದ್ರೆ ದಿನಾ ಒಂದೇ ಬೆಳಕಲ್ಲಿ ಮಾಡಿ, ಆಗ ಕಣ್ಣಿಗೆ ಅಂದಾಜು ಸಿಗತ್ತೆ.

ಕಣ್ಣನ್ನೊಂದೇ ನಂಬ್ಬೇಡಿ, ಮ್ಯಾಗ್ನೆಟ್ ಇಟ್ಕೊಳಿ. ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನ ತಂತಿಗೆ ಕಟ್ಟಿ ಫೋರ್ಜ್ ಪಕ್ಕ ನೇತಾಕಿ, ಅಲುಗು ತೆಗೆದು ಮುಟ್ಟಿಸಿ, ಅಂಟಿದ್ರೆ ವಾಪಸ್ ಹಾಕಿ. ಹೆಚ್ಚುಕಮ್ಮಿ 770 ಡಿಗ್ರಿಗೆ ಅಂಟೋದು ನಿಲ್ಲತ್ತೆ. ಇಲ್ಲೇ ತುಂಬಾ ಜನ ಎಡವೋದು, ಮ್ಯಾಗ್ನೆಟ್ ಬಿಟ್ಟ ತಕ್ಷಣ ಎಣ್ಣೆಗೆ ಹಾಕಿಬಿಡ್ತಾರೆ, ಅಲ್ಲಿಂದ ಮೇಲೆ ಇನ್ನೂ ಸ್ವಲ್ಪ ಹೋಗ್ಬೇಕು. 1084ಗೆ 800ರಿಂದ 815, ಕಮಾನ್ ಪ್ಲೇಟಿಗೆ 830ರಿಂದ 850. ಈ ಸ್ವಲ್ಪ ಅನ್ನೋದನ್ನ ಅಳೆಯೋಕೆ ಅಡುಗೆಮನೆ ಉಪ್ಪು ಸಾಕು. ಪುಡಿ ಉಪ್ಪು 801 ಡಿಗ್ರಿಗೆ ಕರಗತ್ತೆ, ಅಲುಗಿನ ಹಿಂಬಾಲದ ಮೇಲೆ, ಅಂದ್ರೆ ಹಿಡಿಯೊಳಗೆ ಹೋಗೋ ಭಾಗದ ಮೇಲೆ, ಒಂದು ಚಿಟಿಕೆ ಹಾಕಿ ನೋಡಿ, 790ರಲ್ಲಿ ಬಿಳಿ ಕಾಳು ಹಾಗೇ ಕೂತಿರತ್ತೆ, ದಾಟಿದ ಕೂಡ್ಲೇ ಒದ್ದೆಯಾಗಿ ಗಾಜು ಸುರಿದಂಗೆ ಹರಡತ್ತೆ. ಬಾಲ ಮತ್ತೆ ಬಾಯಿ ಒಂದೇ ಬಣ್ಣದಲ್ಲಿದ್ರೆ ಮಾತ್ರ ಈ ಲೆಕ್ಕ ಸರಿ. ಕೆಲಸ ಆದ್ಮೇಲೆ ಉಪ್ಪನ್ನ ಬಿಸಿನೀರಲ್ಲಿ ತೊಳೀರಿ, ಇಲ್ದಿದ್ರೆ ಬೆಳಗಾಗೋ ಅಷ್ಟ್ರಲ್ಲಿ ತುಕ್ಕು.

ಕತ್ತಲಲ್ಲಿ ಗಮನ ಇಟ್ಟು ನೋಡಿದ್ರೆ ಇನ್ನೊಂದು ಕಾಣತ್ತೆ. ಅಲುಗು ಕೆಂಪಾಗ್ತಾ ಆಗ್ತಾ ಒಂದು ಹಂತದಲ್ಲಿ ಮಧ್ಯದಲ್ಲಿ ಮಸುಕು ನೆರಳು ಓಡಾಡತ್ತೆ, ಸುತ್ತ ಬೆಳಕು, ನಡುವೆ ಕಪ್ಪು ಮೋಡ. ಒಳಗೆ ಜೋಡಣೆ ಬದಲಾಗ್ತಿದೆ, ಅದಕ್ಕೆ ಬಿಸಿ ಹೀರ್ಕೊಳ್ತಿದೆ, ಹಾಗಾಗಿ ಆ ಜಾಗದ ಬಣ್ಣ ಏರಲ್ಲ. ಬೆನ್ನಿನ ಕಡೆ ದಪ್ಪ ಇರೋದ್ರಿಂದ ನೆರಳು ಕೊನೆಗೆ ಅಲ್ಲಿ ಹೋಗಿ ಕರಗತ್ತೆ. ನೆರಳು ಪೂರ್ತಿ ಮಾಯ ಆಗಿ ಇಡೀ ಅಲುಗು ಒಂದೇ ಬಣ್ಣಕ್ಕೆ ಬಂದ್ಮೇಲೆ ಇನ್ನೂ ಒಂದು ಛಾಯೆ ಏರಿಸಿದ್ರೆ ಸರಿಯಾದ ಜಾಗ. ಇದನ್ನ ನೋಡೋಕೆ ಕಲಿತ್ರೆ ಮ್ಯಾಗ್ನೆಟ್ಟೂ ಬೇಕಿಲ್ಲ. ಥರ್ಮೋಕಪಲ್ (ಬಿಸಿ ಅಳೆಯೋ ತಂತಿ) ಹಾಕೋದಾದ್ರೆ ಕೆ ಟೈಪ್ ತಗೊಳಿ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಮೀಟರ್ ಸಮೇತ ಸಿಗತ್ತೆ, ಆದ್ರೆ ಅದು ತೋರಿಸೋದು ಫೋರ್ಜಿನ ಗಾಳಿ ಬಿಸಿ, ಅಲುಗಿನ ಬಿಸಿ ಅಲ್ಲ ಅನ್ನೋದು ನೆನಪಿರಲಿ.

ಗ್ಯಾಸ್ ಫೋರ್ಜಲ್ಲಿ ಬರ್ನರ್ ಉರಿ ನೇರ ಬೀಳೋ ಜಾಗ 1100 ದಾಟಿರತ್ತೆ, ಬಾಗಿಲ ಹತ್ರ 750 ಇರತ್ತೆ. ಅದಕ್ಕೆ ಒಳಗೆ ಒಂದು ಎಂಎಸ್ ಪೈಪ್ ತೂರಿಸಿ ಅದರೊಳಗೆ ಅಲುಗು ಇಡಿ, ಉರಿ ನೇರ ತಾಗಲ್ಲ, ಸಮವಾಗಿ ಕಾಯತ್ತೆ. ಜಿಐ ಪೈಪ್ ಬೇಡ, ಅದರ ಸತುವಿನ ಹೊಗೆ ಕುಡಿದ್ರೆ ಜ್ವರ ಬಂದಂಗೆ ನಡುಕ ಹಿಡಿಯತ್ತೆ. ಗಾಳಿ ಕಮ್ಮಿ ಮಾಡಿ ಗ್ಯಾಸ್ ಸ್ವಲ್ಪ ಜಾಸ್ತಿ ಇಟ್ರೆ ಬಾಗಿಲಲ್ಲಿ ಹಳದಿ ನಾಲಿಗೆ ಬರತ್ತೆ, ಅಂಥ ಉರಿಯಲ್ಲಿ ಸ್ಕೇಲ್ (ಮೇಲೆ ಕಟ್ಟೋ ಕಪ್ಪು ಹಕ್ಕಳೆ) ಕಮ್ಮಿ, ಆದ್ರೆ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ, ಮುಚ್ಚಿದ ಶೆಡ್ಡಲ್ಲಿ ಯಾವತ್ತೂ ಹಚ್ಬೇಡಿ. ಇದ್ದಿಲಲ್ಲಾದ್ರೆ ಬ್ಲೋಯರ್ ಆಫ್ ಮಾಡಿ, ಬರೀ ಕೆಂಡದ ಬಿಸಿಯಲ್ಲಿ ಅಲುಗನ್ನ ಹಿಂದೆ ಮುಂದೆ ಎಳೆದಾಡ್ತಾ ಕಾಯಿಸಿ, ಬೆನ್ನು ಕೆಳಗೆ ಬಾಯಿ ಮೇಲೆ ಇರ್ಲಿ. ತುದಿ ತೆಳ್ಳಗಿರೋದ್ರಿಂದ ಅದೇ ಮೊದಲು ಮುಂದೆ ಓಡೋದು, ತುದಿ ಕಿತ್ತಳೆಗೆ ತಿರುಗಿದ್ರೆ ಅದನ್ನ ಬೆಂಕಿಯಿಂದ ಹೊರಗೆ ಚಾಚಿ ಹಿಂದಿನ ಭಾಗ ಕಾಯಿಸಿ. ಹದಕ್ಕೆ ಬಂದ ಮೇಲೆ 1084ನ ಎರಡು ಮೂರು ನಿಮಿಷ, ಕಮಾನ್ ಪ್ಲೇಟನ್ನ ಐದು ನಿಮಿಷ ಅದೇ ಬಣ್ಣದಲ್ಲಿ ಹಿಡಿದು ನಿಲ್ಲಿಸಿ. ಅವಸರಕ್ಕೆ ಬಿಸಿ ಏರಿಸೋ ಬದಲು ಟೈಮ್ ಕೊಡಿ.

ಎಣ್ಣೆಗೆ ಹಾಕೋದು

ಯಾವ ಎಣ್ಣೆ ಅಂತ ಜಗಳನೇ ಆಗತ್ತೆ. ಹೊರದೇಶದೋರು ಕೆನೋಲಾ ಅಂತಾರೆ, ಅದು ನಮ್ಮ ಸಾಸಿವೆ ಎಣ್ಣೆ ಜಾತೀದೇ. ಸನ್‌ಫ್ಲವರ್ ಆಗತ್ತೆ, ಕಡಲೆಕಾಯಿ ಎಣ್ಣೆ ಆಗತ್ತೆ, ಯಾವುದು ಅಗ್ಗಕ್ಕೆ ಸಿಗತ್ತೋ ಅದು. ಟೂಲ್ ರೂಮ್‌ಗೆ ಸಪ್ಲೈ ಮಾಡೋರ ಹತ್ರ ಕ್ವೆಂಚಿಂಗ್ ಆಯಿಲ್ ಅಂತಾನೇ ಸಿಕ್ರೆ ಇನ್ನೂ ಒಳ್ಳೇದು. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಮಾತ್ರ ಬೇಡ, ನಿಧಾನಕ್ಕೆ ತಣ್ಣಗೆ ಮಾಡತ್ತೆ, ಹೊಗೆಯಲ್ಲಿ ಸೀಸ ಸತು ಏನೇನೋ ಇರತ್ತೆ. ಎಣ್ಣೆ ತೆಳ್ಳಗಾಗ್ಲಿ ಅಂತ ಡೀಸೆಲ್ಲು ಸೀಮೆಎಣ್ಣೆ ಬೆರೆಸೋ ಐಡಿಯಾ ಕೊಡೋರೂ ಇದಾರೆ, ಅವರ ಮಾತು ಕೇಳಿದ್ರೆ ಶೆಡ್ ಸುಟ್ಟು ಹೋಗತ್ತೆ.

ಎಣ್ಣೆನ 50ರಿಂದ 60 ಡಿಗ್ರಿಗೆ ಬಿಸಿ ಮಾಡ್ಕೊಳಿ. ತಣ್ಣಗೆ ಮಾಡೋಕೆ ತಣ್ಣನೆ ಎಣ್ಣೆ ತಾನೇ ಬೇಕು ಅನ್ಸತ್ತೆ, ಆಗೋದು ಉಲ್ಟಾ. ಬೆಚ್ಚಗಿನ ಎಣ್ಣೆ ತೆಳ್ಳಗಿರತ್ತೆ, ಅಲುಗಿನ ಸುತ್ತ ಬೇಗ ಹರಿದಾಡಿ ಬಿಸಿ ಎತ್ಕೊಂಡು ಹೋಗತ್ತೆ, ಮಂದ ಎಣ್ಣೆ ಅಲ್ಲೇ ಕೂತಿರತ್ತೆ. ಒಂದು ಕಬ್ಬಿಣದ ತುಂಡು ಕೆಂಪಗೆ ಕಾಯಿಸಿ ಅದ್ದಿದ್ರೆ ಬೆಚ್ಚಗಾಗತ್ತೆ, ಥರ್ಮಾಮೀಟರ್ ಇಟ್ಟು ನೋಡಿ. ಒಂದು ಅಡಿ ಚಾಕುಗೆ 5 ಲೀಟರ್ ಬೇಕು, ಅಷ್ಟಿದ್ರೆ ಒಂದು ಅಲುಗು ಅದ್ದಿದಾಗ ಎಣ್ಣೆ ಬಿಸಿ 20 ಡಿಗ್ರಿಯಷ್ಟು ಏರತ್ತೆ, ತೊಂದ್ರೆ ಇಲ್ಲ. ಪಾತ್ರೆಗೆ ಆರಿಂಚು ಅಗಲದ ಪೈಪಿನ ತಳಕ್ಕೆ ಪ್ಲೇಟ್ ವೆಲ್ಡ್ ಮಾಡಿಸಿ, ಉರುಳದಂಗೆ ಅಗಲವಾದ ಪಾದ ಹಾಕ್ಸಿ, ಮುಚ್ಚೋಕೆ ಕಬ್ಬಿಣದ ಮುಚ್ಚಳ ಪಕ್ಕದಲ್ಲೇ ಇರ್ಲಿ. ಪ್ಲಾಸ್ಟಿಕ್ ಬಕೆಟ್ ಅಂತ ಯೋಚ್ನೆನೂ ಮಾಡ್ಬೇಡಿ.

1084 ತರ ಪ್ಲೇನ್ ಸ್ಟೀಲಿಗೆ 800ರಿಂದ 540ರ ಕೆಳಗೆ ಬರೋಕೆ ಹತ್ರ ಹತ್ರ ಒಂದು ಸೆಕೆಂಡ್ ಅಷ್ಟೇ ಟೈಮ್ ಇರೋದು. ಅದಕ್ಕೆ ಎಣ್ಣೆ ಪಾತ್ರೆ ಫೋರ್ಜಿಂದ ಒಂದು ಹೆಜ್ಜೆ ದೂರದಲ್ಲಿರಲಿ, ತಣ್ಣಗಿರುವಾಗ್ಲೇ ಇಕ್ಕಳದಲ್ಲಿ ಹಿಡಿದು ತಿರುಗೋದು ಅದ್ದೋದು ಪ್ರಾಕ್ಟೀಸ್ ಮಾಡ್ಕೊಳಿ. ಕಮಾನ್ ಪ್ಲೇಟಲ್ಲಿ ಕ್ರೋಮಿಯಂ ಮ್ಯಾಂಗನೀಸ್ ಇರೋದ್ರಿಂದ ಇಷ್ಟು ಅವಸರ ಇಲ್ಲ, ಹೊಸಬರಿಗೆ ಅದು ಒಳ್ಳೇದು ಅನ್ನೋಕೆ ಇದೂ ಒಂದು ಕಾರಣ. ತುದಿ ಕೆಳಗೆ ಮಾಡಿ ನೆಟ್ಟಗೆ ಸರ್ರಂತ ಪೂರ್ತಿ ಮುಳುಗಿಸಿ. ಅರ್ಧ ಅದ್ದಿ ನಿಲ್ಲಿಸಿದ್ರೆ ಎಣ್ಣೆ ಮೇಲ್ಮೈಯಲ್ಲಿ ಬೆಂಕಿ ಹತ್ಕೊಳ್ಳತ್ತೆ, ಮುಳುಗಿದ್ರೆ ಹತ್ತಲ್ಲ. ಒಳಗೆ ಮೇಲೆ ಕೆಳಗೆ ಆಡಿಸಿ, ಅಥವಾ ಬಾಯಿಂದ ಬೆನ್ನಿನ ಕಡೆ ಈರುಳ್ಳಿ ಹೆಚ್ಚೋ ದಿಕ್ಕಲ್ಲಿ ಆಡಿಸಿ, ಅಕ್ಕಪಕ್ಕ ಬೀಸಣಿಗೆ ತರ ಆಡಿಸಿದ್ರೆ ಒಂದು ಕಡೆ ಮೊದಲು ತಣ್ಣಗಾಗಿ ಬಾಳೆಕಾಯಿ ತರ ಬಗ್ಗತ್ತೆ. ಬೆಂಕಿ ಹತ್ಕೊಂಡ್ರೆ ಮುಚ್ಚಳ ಹಾಕಿ, ಆರೋಗತ್ತೆ. ನೀರು ಮಾತ್ರ ಹಾಕ್ಬೇಡಿ, ಎಣ್ಣೆ ಬೆಂಕಿಗೆ ನೀರು ಬಿದ್ರೆ ಸೂರಿನ ತನಕ ಎಗರತ್ತೆ. ನೈಲಾನ್ ಟೀ ಶರ್ಟು, ಚಪ್ಪಲಿ, ಪಂಚೆ ಇದ್ಯಾವ್ದೂ ಬೇಡ, ಕಾಟನ್ ಪ್ಯಾಂಟು ಶೂ ಹಾಕ್ಕೊಳಿ.

ಇಲ್ಲೊಂದು ಪ್ರಶ್ನೆ ಎಲ್ರೂ ಕೇಳ್ತಾರೆ, ನಮ್ಮೂರ ಆಚಾರ್ರು ಕತ್ತಿನ ನೀರಿಗೇ ಅದ್ತಾರಲ್ಲ, ಒಡೆಯಲ್ವಲ್ಲ ಅಂತ. ಆಚಾರ್ರು ಏನು ಮಾಡ್ತಾರೆ ಅಂತ ಪಕ್ಕದಲ್ಲಿ ನಿಂತು ನೋಡಿ. ಅವರು ಇಡೀ ಕತ್ತಿ ಮುಳುಗಿಸಲ್ಲ. ಬಾಯಿ ಕಡೆ ಮಾತ್ರ ಕಾಯಿಸಿ, ನೀರಿನ ಬಾನಿಗೆ ಬಾಯನ್ನ ಅರ್ಧ ಇಂಚು ಒಂದು ಇಂಚು ತಾಗಿಸಿ, ಎಳೆದು, ಇಟ್ಟಿಗೆ ಚೂರಲ್ಲಿ ಪರಪರ ಉಜ್ಜಿ ಬೆಳ್ಳಗೆ ಮಾಡ್ತಾರೆ. ಬೆನ್ನಲ್ಲಿ ಉಳಿದಿರೋ ಬಿಸಿ ನಿಧಾನಕ್ಕೆ ಬಾಯಿ ಕಡೆ ಇಳಿಯತ್ತೆ, ಉಜ್ಜಿದ ಜಾಗದಲ್ಲಿ ಹುಲ್ಲಿನ ಹಳದಿ, ಹಿಂದೆ ಕಂದು, ಅದರ ಹಿಂದೆ ನೇರಳೆ, ನೀಲಿ, ಹೀಗೆ ಸಾಲಾಗಿ ಬಣ್ಣಗಳು ಇಳಿದು ಬರ್ತವೆ. ಬೇಕಾದ ಬಣ್ಣ ಬಾಯಿಗೆ ಮುಟ್ಟಿದ ಕ್ಷಣಕ್ಕೆ ಮತ್ತೆ ನೀರಿಗೆ. ಗಟ್ಟಿ ಮಾಡೋದೂ ಟೆಂಪರ್ ಮಾಡೋದೂ ಒಂದೇ ಕಾವಲ್ಲಿ ಮುಗೀತು, ಟೆಂಪರ್ ಮಾಡೋಕೆ ಓಟಿಜಿ (ಕೇಕ್ ಮಾಡೋ ಕರೆಂಟ್ ಓವನ್) ಹಾಕಿ ಬರೋ ಕರೆಂಟ್ ಬಿಲ್ಲೂ ಇಲ್ಲ. ಬೆನ್ನು ಗಟ್ಟಿನೇ ಆಗಿಲ್ಲ, ಅದಕ್ಕೇ ಒಡೆಯಲ್ಲ. ಜೊತೆಗೆ ಬಿರುಕು ಬಿಡೋದು ಯಾವ ಸ್ಟೀಲು ಅನ್ನೋದು ಅವರಿಗೆ ಕೈಗೆ ಗೊತ್ತು. ಇದನ್ನ ನೋಡಿ ಅಲಾಯ್ ಇರೋ ಕಮಾನ್ ಪ್ಲೇಟ್ ಚಾಕುನ ಪೂರ್ತಿ ಕೆಂಪಗೆ ಮಾಡಿ ನೀರಿಗೆ ಹಾಕಿದ್ರೆ ಟಿಣ್ ಅಂತ ಒಂದು ಸದ್ದು ಕೇಳತ್ತೆ, ಬಾಯಿಂದ ಬೆನ್ನಿಗೆ ಕೂದಲೆಳೆ ಬಿರುಕು, ಆ ಅಲುಗು ಮತ್ತೆ ಗುಜರಿಗೆ.

ಎಣ್ಣೆಯಿಂದ ತೆಗೆದ ಮೇಲೆ

ಎಂಟು ಹತ್ತು ಸೆಕೆಂಡಿಗೆ ಹೊರಗೆ ತೆಗೆದು ಬೆನ್ನಿನ ಉದ್ದಕ್ಕೂ ಕಣ್ಣು ಹಾಯಿಸಿ. ಮಾರ್ಟೆನ್ಸೈಟ್ ಆಗೋದು ಶುರುವಾಗೋದೇ 200-250 ಡಿಗ್ರಿ ಕೆಳಗೆ, ಅಲ್ಲೀವರೆಗೂ ಅಲುಗು ಮಾತು ಕೇಳತ್ತೆ, ಸೊಟ್ಟ ಇದ್ರೆ ದಪ್ಪ ಗ್ಲೌಸ್ ಹಾಕ್ಕೊಂಡು ಕೈಯಲ್ಲೇ ಒತ್ತಿ ನೆಟ್ಟಗೆ ಮಾಡ್ಬಹುದು. ಇನ್ನೂ ಸುಲಭ ಅಂದ್ರೆ ಎರಡು ದಪ್ಪ ಅಲ್ಯುಮಿನಿಯಂ ಪ್ಲೇಟ್ ಮಧ್ಯ ಇಟ್ಟು ವೈಸಲ್ಲಿ ಅದುಮಿ ಪೂರ್ತಿ ತಣ್ಣಗಾಗೋಕೆ ಬಿಡೋದು. ಕೈಗೆ ಮುಟ್ಟೋ ಬಿಸಿಗೆ ಬಂದ್ಮೇಲೆ ಬಗ್ಗಿಸೋಕ್ ಹೋದ್ರೆ ಎರಡು ತುಂಡು.

ಈಗ ಒಂದು ಒಳ್ಳೇ ಅರ ತಗೊಂಡು ಬಾಯಿ ಮೇಲೆ ಉಜ್ಜಿ. ಮೊದಲ ಒಂದೆರಡು ಎಳೆತಕ್ಕೆ ಸ್ವಲ್ಪ ಕಚ್ಚತ್ತೆ, ಅದು ಮೇಲಿನ ಕಾರ್ಬನ್ ಸುಟ್ಟ ಪದರ, ಅದರ ಕೆಳಗೆ ಗಾಜಿನ ಮೇಲೆ ಎಳೆದಂಗೆ ಜಾರ್ಬೇಕು, ಸದ್ದು ಕೂಡ ಚೂಪಾಗಿ ಬರತ್ತೆ. ಇನ್ನೂ ಕಚ್ತಿದ್ರೆ ಗಟ್ಟಿ ಆಗಿಲ್ಲ, ಮತ್ತೊಮ್ಮೆ ನಾರ್ಮಲೈಸ್ ಮಾಡಿ 15-20 ಡಿಗ್ರಿ ಜಾಸ್ತಿ ಕಾಯಿಸಿ ಅದ್ದಿ. ಒಂದ್ಸಲ ಗಟ್ಟಿಯಾಗಿರೋದನ್ನ ನಾರ್ಮಲೈಸ್ ಮಾಡ್ದೆ ಹಾಗೇ ಕಾಯಿಸಿ ಮತ್ತೆ ಅದ್ದಬಾರ್ದು, ಬಿರುಕು ಬಿಡೋ ಚಾನ್ಸ್ ಜಾಸ್ತಿ, ಹರಳೂ ಕೆಡತ್ತೆ.

ಅರ ಜಾರಿದ್ರೆ ಖುಷಿಯಲ್ಲಿ ಫೋಟೋ ತೆಗೀತಾ ನಿಲ್ಬೇಡಿ. ಈ ಹಂತದಲ್ಲಿ 1084 ಅಲುಗು 64-65 ರಾಕ್‌ವೆಲ್ (ಗಟ್ಟಿತನದ ಅಳತೆ) ಇರತ್ತೆ, ಒಳಗೆ ಎಳೆದಾಟ ನಡೀತಾನೇ ಇರತ್ತೆ, ರಾತ್ರಿ ಹಾಗೇ ಬಿಟ್ರೆ ಬೆಳಿಗ್ಗೆ ತಾನಾಗೇ ಬಿರುಕು ಬಿಟ್ಟಿರೋದೂ ಉಂಟು. ಎಣ್ಣೆಗೆ ಹಾಕೋಕ್ ಮುಂಚೆನೇ ಓಟಿಜಿ ಆನ್ ಮಾಡಿಟ್ಟಿರಿ, ಅಲುಗನ್ನ ಸೋಪ್ ಹಾಕಿ ತೊಳೆದು ಒರೆಸಿ ಒಂದು ಗಂಟೆ ಒಳಗೆ ಅದರೊಳಗೆ ಸೇರಿಸ್ಬಿಡಿ. ತೊಳೀದೆ ಇಟ್ರೆ ಮನೆಯೆಲ್ಲಾ ಕಮಟು ವಾಸನೆ, ಆಮೇಲೆ ಅದೇ ಓಟಿಜಿಯಲ್ಲಿ ಕೇಕ್ ಮಾಡೋರ ಹತ್ರ ಬೈಸ್ಕೊಳೋದು ನೀವೇ.

ಓಟಿಜಿಯ ನಾಬ್ ಮೇಲಿನ ನಂಬರ್ ನಂಬ್ಬೇಡಿ, 200 ಅಂತ ಇದ್ರೆ ಒಳಗೆ 170ರಿಂದ 230 ಅಂತ ಏರಿಳಿತಾ ಇರತ್ತೆ. ಕಮ್ಮಿ ದುಡ್ಡಿಗೇ ಓವನ್ ಥರ್ಮಾಮೀಟರ್ ಸಿಗತ್ತೆ, ಒಳಗಿಡಿ. ಒಂದು ಟ್ರೇ ತುಂಬಾ ಮರಳು ಅಥವಾ ಎರಡು ಟೈಲ್ಸ್ ಇಟ್ಟು ಅರ್ಧ ಗಂಟೆ ಬಿಸಿ ಮಾಡಿ, ಅದರ ಮೇಲೆ ಅಲುಗು ಇಟ್ಟು ಫಾಯಿಲ್ ಹೊದಿಸಿ, ಕೆಂಪಾದ ರಾಡಿನ ಶಾಖ ನೇರ ತಾಗ್ಬಾರ್ದು. ಎರಡು ಗಂಟೆ ಇಟ್ಟು, ತೆಗೆದು ಪೂರ್ತಿ ತಣ್ಣಗೆ ಮಾಡಿ, ಮತ್ತೆ ಎರಡು ಗಂಟೆ. ಎರಡನೇ ಸಲ ಯಾಕೆ ಅಂದ್ರೆ ಮೊದಲ ಸಲ ಆರೋವಾಗ ಉಳಿದಿದ್ದ ಆಸ್ಟೆನೈಟ್ ಸ್ವಲ್ಪ ಹೊಸಾ ಮಾರ್ಟೆನ್ಸೈಟ್ ಆಗಿರ್ಬಹುದು, ಅದಕ್ಕೂ ಟೆಂಪರ್ ಸಿಗ್ಲಿ ಅಂತ.

ಎಷ್ಟು ಡಿಗ್ರಿ? 1084ರ ಅಡುಗೆ ಚಾಕುಗೆ 200-205, ಸುಮಾರು 60 ರಾಕ್‌ವೆಲ್ ನಿಲ್ಲತ್ತೆ. ಕಮಾನ್ ಪ್ಲೇಟಿನ ಚಾಕುಗೆ 190-200. ಅದರಲ್ಲೇ ಕತ್ತಿ ಮಚ್ಚು ಮಾಡಿ ಮರಕ್ಕೆ ಬೀಸೋದಾದ್ರೆ 220-230. ಇನ್ನೂ ಮೆತ್ತಗೆ ಬೇಕು ಅಂತ 300ಕ್ಕೆ ಏರಿಸೋಕೆ ಹೋಗ್ಬೇಡಿ, 260ರಿಂದ 370ರ ನಡುವೆ ಇಂಥ ಸ್ಟೀಲ್‌ಗಳು ಗಟ್ಟಿತನನೂ ಕಳ್ಕೊಂಡು ಪೆಡಸೂ ಆಗ್ತವೆ, ಎರಡೂ ಕಡೆ ಲಾಸು. ಉಜ್ಜಿ ಬೆಳ್ಳಗೆ ಮಾಡಿದ ಅಲುಗಾದ್ರೆ 205ಕ್ಕೆ ತಿಳಿ ಹಳದಿ ಬರತ್ತೆ, 250ರ ಮೇಲೆ ಕಂದು, 300ರ ಹತ್ರ ನೀಲಿ. ಆದ್ರೆ ಬಣ್ಣ ಬರೋದು ಮೇಲಿನ ಆಕ್ಸೈಡ್ ಪದರದಿಂದ, ಹೊತ್ತು ಜಾಸ್ತಿ ಆದಷ್ಟೂ ಬಣ್ಣ ಗಾಢ ಆಗತ್ತೆ, ಎರಡು ಗಂಟೆ ಓವನ್ನಲ್ಲಿಟ್ಟಾಗ ಬಣ್ಣಕ್ಕಿಂತ ಥರ್ಮಾಮೀಟರೇ ಗತಿ.

ಮಚ್ಚು ಸೊಪ್ಪಿನ ಕತ್ತಿಗಳಿಗೆ ಇನ್ನೊಂದು ಕೆಲಸ ಮಾಡ್ಬಹುದು, ಟೆಂಪರ್ ಆದ್ಮೇಲೆ ಬಾಯಿ ಭಾಗ ಒಂದು ತಟ್ಟೆ ನೀರಲ್ಲಿ ಮುಳುಗಿಸಿ ಹಿಡಿದು ಬೆನ್ನಿಗೆ ಮಾತ್ರ ಗ್ಯಾಸ್ ಟಾರ್ಚ್ ಬಿಟ್ಟು ನೀಲಿನೂ ದಾಟಿಸೋದು, ಆ 370ರ ಗೆರೆ ದಾಟಿ ಮೆತ್ತಗಾಗ್ಲಿ ಅಂತ. ಬೆನ್ನು ಪೆಟ್ಟು ತಡ್ಕೊಳತ್ತೆ, ಬಾಯಿ ಗಟ್ಟಿ ಉಳಿಯತ್ತೆ. ಅಂದಹಾಗೆ ಮನೆ, ಹೊಲ ತೋಟದ ಕೆಲಸಕ್ಕೆ ಅಂತ ಮಾಡಿದ್ದು ಬಿಟ್ಟು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋ ಅಲುಗುಗಳು ಆರ್ಮ್ಸ್ ಆಕ್ಟ್ ಲೆಕ್ಕಕ್ಕೆ ಬರ್ತವೆ, ಶೋಕಿಗೆ ತಲ್ವಾರ್ ಮಾಡೋಕ್ ಹೋಗ್ಬೇಡಿ.

ಬಾಯಿ ತೆಳ್ಳಗೆ ಮಾಡಿ ಮಸೆದ ಮೇಲೆ ಒಂದು ಟೆಸ್ಟು. ಕಾಲು ಇಂಚಿನ ಹಿತ್ತಾಳೆ ಕಡ್ಡಿನ ವೈಸಲ್ಲಿ ಅಡ್ಡ ಇಟ್ಟು, ಅಲುಗಿನ ಬಾಯನ್ನ ಅದರ ಮೇಲೆ ಓರೆಯಾಗಿಟ್ಟು ಒತ್ತಿ ಎಳೀರಿ, ಹಿಂದೆ ಬೆಳಕಿದ್ರೆ ಬಾಯಿ ಕಡ್ಡಿ ಮೇಲೆ ಸ್ವಲ್ಪ ಬಾಗೋದು ಕಣ್ಣಿಗೆ ಕಾಣತ್ತೆ. ಬಾಗಿ ವಾಪಸ್ ನೆಟ್ಟಗಾದ್ರೆ ಸರಿ. ಬಾಗಿದ್ದು ಹಾಗೇ ಉಳಿದ್ರೆ ಮೆತ್ತಗಾಗಿದೆ, ಮತ್ತೆ ನಾರ್ಮಲೈಸಿಂಗಿಂದ ಶುರು. ಚಕ್ಕೆ ಎದ್ರೆ ಪೆಡಸು, 10-15 ಡಿಗ್ರಿ ಏರಿಸಿ ಇನ್ನೊಂದ್ಸಲ ಟೆಂಪರ್ ಮಾಡಿ ನೋಡಿ, ಆಗ್ಲೂ ಚಕ್ಕೆ ಎದ್ರೆ ಹರಳು ದಪ್ಪ ಆಗಿದೆ ಅಂತ ಅರ್ಥ, ಟೆಂಪರಿಂಗಿಂದ ಅದು ಸರಿ ಹೋಗಲ್ಲ.

ಹದ ಆದ್ಮೇಲೆ ಬೆಲ್ಟ್ ಗ್ರೈಂಡರಲ್ಲಿ ಕೆಲಸ ಮಾಡೋವಾಗ ಗ್ಲೌಸ್ ಇಲ್ದೆ ಬರಿಗೈಯಲ್ಲಿ ಹಿಡೀರಿ, ಹೊಸಾ ಬೆಲ್ಟ್ ಹಾಕಿ, ಪ್ರತಿ ಎಳೆತಕ್ಕೂ ನೀರಲ್ಲಿ ಅದ್ದಿ. ಬೆರಳಿಗೆ ಚುರುಕ್ ಅಂದ್ರೆ ಅದು ಇನ್ನೂ 60-70 ಡಿಗ್ರಿ, ಸ್ಟೀಲಿಗೆ ಏನೂ ಆಗಿರಲ್ಲ. ಆದ್ರೆ ಬಾಯಿಯ ಅಂಚಲ್ಲಿ ಒಂದು ಸಣ್ಣ ನೀಲಿ ಚುಕ್ಕೆ ಕಂಡ್ರೆ ಅಷ್ಟು ಜಾಗದ ಹದ ಹೋಯ್ತು, ಅದನ್ನ ಪೂರ್ತಿ ಸವೆಸಿ ತೆಗೆಯೋದು ಬಿಟ್ಟು ಬೇರೆ ದಾರಿ ಇಲ್ಲ.

ಎಣ್ಣೆ ಆರಿದ್ಮೇಲೆ ಹಳೇ ಬನಿಯನ್ ಬಟ್ಟೆಯಲ್ಲಿ ಸೋಸಿ ಸ್ಕೇಲ್ ಪುಡಿ ತೆಗೆದು ಮುಚ್ಚಿಡಿ, ಇಲಿ ಬಿದ್ದು ಸತ್ತಿರೋ ಎಣ್ಣೆ ಮತ್ತೆ ಬಿಸಿ ಮಾಡೋ ಕರ್ಮ ಯಾರಿಗೂ ಬೇಡ. ಮಳೆಗಾಲದಲ್ಲಿ ಅದಕ್ಕೆ ನೀರು ಇಳಿಯದಂಗೆ ನೋಡ್ಕೊಳಿ, ತಳದಲ್ಲಿ ಲೋಟದಷ್ಟು ನೀರು ನಿಂತಿದ್ರೂ ಕೆಂಪು ಅಲುಗು ತಾಗಿದಾಗ ಆವಿಯಾಗಿ ಎಣ್ಣೆನೆಲ್ಲ ಮೇಲಕ್ಕೆ ಉಗಿಯತ್ತೆ. ಅಂಟಂಟಾಗಿ, ಕಮಟು ವಾಸನೆ ಬಂದು, ಮಂದ ಆದ್ರೆ ಚೆಲ್ಲಿ ಹೊಸದು ಹಾಕಿ.